ಒದ್ದೆ ಕಲ್ಲಿನ ಮೇಲೆ ಬೂಟು ಎಷ್ಟು ಹಿಡಿಯುತ್ತೆ: ಜ್ಯಾಕ್ ಇಟ್ಟು ಅಳೆದು, ಆಮೇಲೆ ಸೋಲ್ ಬದಲಾಯಿಸಿದ್ದು

ಟ್ರೆಕಿಂಗ್ ಬೂಟು ತಗೊಳ್ಳಕ್ಕೆ ಹೋದವ್ರು ಮೊದ್ಲು ಮಾಡೋ ಕೆಲಸ ಅಂದ್ರೆ ಬೂಟನ್ನ ಮಗುಚಿ ಅಡಿ ನೋಡೋದು. ಬಟನ್ನು, ಅಂದ್ರೆ ಅಡೀಲಿರೋ ರಬ್ಬರ್ ಉಬ್ಬು, ದಪ್ಪಕ್ಕಿದ್ದು, ಸಂದು ಆಳಕ್ಕಿದ್ರೆ "ಗ್ರಿಪ್ ಚೆನ್ನಾಗಿದೆ" ಅಂತ ಕಾಸು ಕೊಟ್ಟು ಬರ್ತೀವಿ. ಆ ಬೂಟು ಕೆಸರಲ್ಲಿ ಚೆನ್ನಾಗೇ ನಿಲ್ಲುತ್ತೆ, ಆದ್ರೆ ಮಳೆ ನಿಂತ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಅದೇ ಬೂಟಿನ ಹಿಮ್ಮಡಿ ಸರಕ್ಕಂತ ಮುಂದಕ್ಕೆ ಹೋಗುತ್ತೆ. ಪಕ್ಕದಲ್ಲಿ ಹಳೇ ಕ್ಯಾನ್ವಾಸ್ ಶೂ ಹಾಕ್ಕೊಂಡು ಇಳಿಯೋರು ಆರಾಮಾಗಿ ಇಳೀತಿರ್ತಾರೆ. ಇದು ಯಾಕೆ ಹಿಂಗೆ ಅಂತ ಬಾಯಿಮಾತಲ್ಲಿ ವಾದ ಮಾಡೋ ಬದ್ಲು ಅಳೆದೇ ನೋಡೋಣ ಅಂತ ಮನೆ ಹಿತ್ತಲಲ್ಲಿ ಒಂದು ಸಣ್ಣ ರಿಗ್, ಅಂದ್ರೆ ಅಳೆಯೋ ಚೌಕಟ್ಟು, ಕಟ್ಟಿದೆ, ಅದರಲ್ಲಿ ಬಂದ ಲೆಕ್ಕ ನೋಡ್ಕೊಂಡು ಬೂಟಿನ ಸೋಲನ್ನೇ ಬದಲಾಯಿಸಿದೆ. ಎರಡೂ ಕೆಲಸ ಹೆಂಗಾಯ್ತು ಅಂತ ಇಲ್ಲಿ ಬರೀತಿದೀನಿ, ಯಾರಿಗಾದ್ರೂ ಮಾಡ್ಕೊಳ್ಳೋ ಮನಸ್ಸಿದ್ರೆ ಉಪಯೋಗಕ್ಕೆ ಬರಲಿ.

ಮೈಸೂರಲ್ಲಿ ಜೂನ್ ಜುಲೈ ಮಳೆ ಜಾಸ್ತಿ ಇರಲ್ಲ, ಬರೀ ತುಂತುರು. ಜೋರು ಮಳೆ ಮೇ ತಿಂಗಳಲ್ಲಿ ಒಂದ್ಸಲ, ಆಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ. ಆದ್ರೆ ಜಾರೋದು ಜಾಸ್ತಿ ಆ ತುಂತುರು ದಿನಗಳಲ್ಲೇ. ಜೋರು ಮಳೆ ಕಲ್ಲನ್ನ ತೊಳೆದು ಬಿಡುತ್ತೆ, ತುಂತುರು ಮಳೆ ಕಲ್ಲಿನ ಮೇಲಿರೋ ಧೂಳು, ಎಣ್ಣೆ ಜಿಡ್ಡು ಎಲ್ಲಾನೂ ನೆನೆಸಿ ಅಂಟು ಮಾಡಿ ಅಲ್ಲೇ ಬಿಡುತ್ತೆ. ಬೆಟ್ಟದ ಮೆಟ್ಟಿಲಲ್ಲಂತೂ ಹರಕೆ ಹೊತ್ತವ್ರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಕೊಂಡು ಹತ್ತುತ್ತಾರೆ, ಕರ್ಪೂರ ಹಚ್ತಾರೆ, ಅದೆಲ್ಲ ನೆನೆದಾಗ ಕಲ್ಲಿನ ಮೇಲೆ ಒಂದು ತೆಳು ಪದರ ಕೂರುತ್ತೆ. ಸಾವಿರ ಮೆಟ್ಟಿಲು, ದೊಡ್ಡ ದೇವರಾಜ ಒಡೆಯರ್ ಕಾಲದ್ದು, ಅಂದ್ರೆ 1660ರ ದಶಕದಿಂದ ಜನ ತುಳಿದು ತುಳಿದು ಮಧ್ಯಭಾಗ ನುಣ್ಣಗಾಗಿದೆ. ಅದಕ್ಕೇ ಮಳೇಲಿ ಇಳಿಯುವಾಗ ಮೆಟ್ಟಿಲ ಅಂಚಿಗೆ, ಗೋಡೆ ಕಡೆಗೆ ಕಾಲಿಡಿ ಅಂತ ನಾನು ಎಲ್ಲರಿಗೂ ಹೇಳೋದು, ಅಲ್ಲಿ ಕಲ್ಲು ಇನ್ನೂ ಉಳಿಯ ಪೆಟ್ಟಿನ ಒರಟಲ್ಲೇ ಇದೆ.

ರಿಗ್ ವಿಚಾರಕ್ಕೆ ಬರ್ತೀನಿ. ಐಡಿಯಾ ಸುಲಭ, ಒಂದು ಕಲ್ಲಿನ ಚಪ್ಪಡಿ ಮೇಲೆ ಬೂಟಿಟ್ಟು ಚಪ್ಪಡೀನ ಒಂದು ಕಡೆಯಿಂದ ನಿಧಾನಕ್ಕೆ ಎತ್ತುತ್ತಾ ಹೋಗೋದು, ಯಾವ ಕೋನಕ್ಕೆ ಬೂಟು ಜಾರುತ್ತೋ ಆ ಕೋನದ ಟ್ಯಾಂಜೆಂಟೇ ಘರ್ಷಣೆಯ ಅಂಕಿ, ಅದು ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ. ಹೈಸ್ಕೂಲ್ ಫಿಸಿಕ್ಸ್ ಇಷ್ಟೇ. 14 ಡಿಗ್ರಿಗೆ ಜಾರಿದ್ರೆ 0.25, 20ಕ್ಕೆ ಜಾರಿದ್ರೆ 0.36, 31ಕ್ಕೆ ಜಾರಿದ್ರೆ 0.60. ಜರ್ಮನಿಯವ್ರು ನೆಲದ ಟೈಲ್ಸಿಗೆ ಆರ್9ರಿಂದ ಆರ್13ರವರೆಗೆ ರೇಟಿಂಗ್ ಕೊಡೋದೂ ಹಿಂಗೇ ಇಳಿಜಾರು ಮಾಡಿ, ಅಲ್ಲಿ ಎಣ್ಣೆ ಸವರಿದ ನೆಲದ ಮೇಲೆ ಮನುಷ್ಯನೇ ಬೆಲ್ಟ್ ಕಟ್ಕೊಂಡು ನಡೀತಾನೆ. ಅಷ್ಟು ದೊಡ್ಡದು ನಮಗೆ ಬೇಡ.

ಗ್ರಾನೈಟ್ ಅಂಗಡೀಲಿ ಅಡುಗೆಮನೆ ಕಟ್ಟೆಗೆ ಕಟ್ ಮಾಡಿ ಮಿಕ್ಕ ತುಂಡುಗಳು ಸಿಗ್ತವೆ, ಎರಡೂವರೆ ಅಡಿ ಉದ್ದ ಒಂದಡಿ ಅಗಲದ ಪಾಲಿಶ್ ಆಗಿರೋ ತುಂಡು ಒಂದು, ಅದೇ ಅಳತೆಯ ಬೆಂಕಿ ಹೊಡೆದು ಒರಟು ಮಾಡಿರೋ ಸಾದರಹಳ್ಳಿ ಗ್ರಾನೈಟ್ ಕಲ್ಲು ಒಂದು ತಂದೆ. ಅಡಿಗೆ 18 ಎಂಎಂ ಪ್ಲೈವುಡ್, ಅದಕ್ಕೆ ಒಂದು ತುದೀಲಿ ಎರಡು ಹಿಂಜ್ ಹಾಕಿ ಕೆಳಗಿನ ಫ್ರೇಮಿಗೆ ಸೇರಿಸಿದೆ. ಕಲ್ಲು ಜಾರಿ ಕೆಳಗೆ ಬರದೇ ಇರಲಿ ಅಂತ ಹಿಂಜ್ ಕಡೆ ಒಂದು ರೀಪರ್ ತುಂಡು ಅಡ್ಡ ಹೊಡೆದೆ. ಎತ್ತಕ್ಕೆ ಕಾರಿನ ಡಿಕ್ಕೀಲಿರೋ ಕತ್ತರಿ ಜ್ಯಾಕ್. ಜ್ಯಾಕ್ ಯಾಕೆ ಅಂದ್ರೆ ಕೈಯಲ್ಲಿ ಎತ್ತಿದ್ರೆ ಅದುರುತ್ತೆ, ಅದುರಿದ್ರೆ ಬೂಟು ಬೇಗ ಜಾರುತ್ತೆ. ಜ್ಯಾಕಿನ ಸ್ಕ್ರೂ ಒಂದು ಸುತ್ತು ತಿರುಗಿಸಿದ್ರೆ ಕಲ್ಲು ಕೂದಲೆಳೆಯಷ್ಟೇ ಏಳುತ್ತೆ. ಹಿಂಜಿಂದ ಒಂದೂವರೆ ಅಡಿ ದೂರದಲ್ಲಿ ಜ್ಯಾಕ್ ಇಟ್ರೆ 30 ಡಿಗ್ರಿ ದಾಟುತ್ತೆ, ಅದಕ್ಕಿಂತ ಮೇಲೆ ಹೋಗ್ಬೇಕಂದ್ರೆ ಜ್ಯಾಕಿನ ಕೆಳಗೆ ಒಂದು ಸಿಮೆಂಟ್ ಇಟ್ಟಿಗೆ. ಜ್ಯಾಕಿನ ತಲೆ ಪ್ಲೈವುಡ್ ಮೇಲೆ ಜಾರದ ಹಂಗೆ ಪ್ಲೈವುಡ್ ಅಡಿಗೆ ಒಂದು ಪಟ್ಟಿ ಅಡ್ಡ ಹೊಡೀಲೇಬೇಕು, ಇಲ್ಲಾಂದ್ರೆ ಕಲ್ಲು ಸಮೇತ ಕೈ ಮೇಲೆ ಬೀಳುತ್ತೆ, ಇದನ್ನ ಮಾತ್ರ ಯಾರೂ ಉದಾಸೀನ ಮಾಡ್ಬೇಡಿ. ಕೋನ ನೋಡಕ್ಕೆ ಫೋನಲ್ಲಿರೋ ಲೆವೆಲ್ ಆಪ್ ಸಾಕು, ಫೋನನ್ನ ಕಲ್ಲಿನ ಮೇಲಿನ ಅಂಚಿಗೆ ಡಬಲ್ ಟೇಪಲ್ಲಿ ಅಂಟಿಸಿದೆ, ಮೊದ್ಲು ಕಲ್ಲು ಮಲಗಿದ್ದಾಗ ಸೊನ್ನೆ ಮಾಡ್ಕೊಂಡೆ.

ಬೂಟಿನೊಳಗೆ ಪ್ಲಾಸ್ಟಿಕ್ ಕವರಲ್ಲಿ ಮರಳು ತುಂಬಿ, ಮೇಲೆ ಹಳೇ ತಕ್ಕಡೀದು ಕಬ್ಬಿಣದ ತೂಕದ ಕಲ್ಲನ್ನ ಪಾದದ ಮಧ್ಯಕ್ಕೆ ಬರೋ ಹಂಗೆ ಸೈಕಲ್ ಟ್ಯೂಬಲ್ಲಿ ಬಿಗಿದೆ, ಎಲ್ಲಾ ಬೂಟು ಚಪ್ಪಲಿಗೂ ಒಟ್ಟು ತೂಕ 8 ಕೆಜಿಗೆ ಸರಿ ಮಾಡ್ಕೊಂಡೆ. ಮನುಷ್ಯ ಅರವತ್ತು ಎಪ್ಪತ್ತು ಕೆಜಿ ಇರ್ತಾನೆ, ಹಂಗಾದ್ರೆ ಇದು ಸರೀನಾ ಅಂತ ಕೇಳ್ಬಹುದು. ರಬ್ಬರ್ ವಿಚಾರದಲ್ಲಿ ಭಾರ ಜಾಸ್ತಿ ಆದಂಗೆ ಘರ್ಷಣೆಯ ಅಂಕಿ ಸ್ವಲ್ಪ ಇಳಿಯುತ್ತೆ, ಅದು ನಿಜ, ಲ್ಯಾಬಲ್ಲಿ ಐಎಸ್‌ಒ 13287 ಅನ್ನೋ ಶೂ ಜಾರುವಿಕೆ ಟೆಸ್ಟಿನ ಪ್ರಕಾರ ಮಾಡುವಾಗ ದೊಡ್ಡವರ ಶೂಗೆ 500 ನ್ಯೂಟನ್, ಅಂದ್ರೆ ಸುಮಾರು 50 ಕೆಜಿ ಭಾರ ಹೇರಿ, ಹಿಮ್ಮಡೀನ 7 ಡಿಗ್ರಿ ಓರೆಯಲ್ಲಿಟ್ಟು ಎಳೀತಾರೆ. ಹಂಗಾಗಿ ನನ್ನ ಅಂಕಿಗಳನ್ನ ಲ್ಯಾಬ್ ಅಂಕಿ ಜೊತೆ ಹೋಲಿಸಕ್ಕೆ ಬರಲ್ಲ. ಈ ಬೂಟಿಗಿಂತ ಆ ಬೂಟು ಮೇಲು ಅಂತ ತೀರ್ಮಾನ ಮಾಡಕ್ಕೆ ಮಾತ್ರ ಧಾರಾಳ ಸಾಕು. ಸುಮ್ನೆ ಒಂದು ಖಾತ್ರಿಗೆ ಅಂತ ಕಲ್ಲನ್ನ ಮಟ್ಟಸವಾಗಿ ಮಲಗಿಸಿ, ಲಗೇಜ್ ತೂಗೋ ಡಿಜಿಟಲ್ ಕೊಕ್ಕೆ ಸಿಗಿಸಿ ಕ್ಯಾನ್ವಾಸ್ ಶೂನ ನೆಲಕ್ಕೆ ಸಮವಾಗಿ ಎಳೆದೂ ನೋಡ್ದೆ, ಎಂಟು ಕೆಜಿಗೆ ಹತ್ರ ಹತ್ರ ಮೂರು ಕೆಜಿ ತೋರಿಸಿತು ಅಂದ್ರೆ 0.36ರ ಆಸುಪಾಸು, ಇಳಿಜಾರಲ್ಲಿ ಬಂದ ಅಂಕೀನೂ ಅದೇ. ಎಳೆಯುವಾಗ ದಾರ ಸೋಲಿನ ಮಟ್ಟದಲ್ಲೇ ಇರ್ಬೇಕು, ಮೇಲೆ ಲೇಸ್ ಹತ್ರ ಕಟ್ಟಿ ಎಳೆದ್ರೆ ಶೂ ಮೂತಿ ಅಮುಕಿ ಸುಳ್ಳು ಅಂಕಿ ಬರುತ್ತೆ.

ನೀರು ಹಾಕೋದ್ರಲ್ಲೂ ಒಂದು ವಿಷ್ಯ ಇದೆ. ಪಾಲಿಶ್ ಗ್ರಾನೈಟ್ ಮೇಲೆ ನೀರು ಸುರಿದ್ರೆ ಅದು ಹನಿ ಹನಿಯಾಗಿ ನಿಲ್ಲುತ್ತೆ, ಮಧ್ಯ ಮಧ್ಯ ಒಣ ಜಾಗ ಉಳಿಯುತ್ತೆ, ಸೋಲು ಆ ಒಣ ಜಾಗದಲ್ಲಿ ಕಚ್ಚಿ ಹಿಡಿದು ಬಿಡುತ್ತೆ. ಅದಕ್ಕೆ ಒದ್ದೆ ಬಟ್ಟೇಲಿ ಮೊದ್ಲು ಚೆನ್ನಾಗಿ ಒರೆಸಿ, ಕಲ್ಲು ಪೂರ್ತಿ ಕನ್ನಡಿ ಥರ ಹೊಳೆಯೋವರೆಗೂ ಸ್ಪ್ರೇ ಬಾಟಲಿಂದ ನೀರು ಹೊಡೀತಿದ್ದೆ. 2022ರ ಮುಂಚಿನ ಮಾನದಂಡದ ಸೇಫ್ಟಿ ಶೂ ಡಬ್ಬಿ ಮೇಲೆ ಎಸ್‌ಆರ್‌ಎ, ಎಸ್‌ಆರ್‌ಬಿ, ಎಸ್‌ಆರ್‌ಸಿ ಅಂತ ಬರೆದಿರೋದನ್ನ ನೋಡಿರ್ತೀರ, ಎಸ್‌ಆರ್‌ಎ ಅಂದ್ರೆ ಸೆರಾಮಿಕ್ ಟೈಲ್ಸ್ ಮೇಲೆ ಸೋಪಿನ ನೀರು ಹಾಕಿ ಮಾಡಿದ ಟೆಸ್ಟು, ಎಸ್‌ಆರ್‌ಬಿ ಅಂದ್ರೆ ಸ್ಟೀಲ್ ಮೇಲೆ ಗ್ಲಿಸರಿನ್, ಎರಡೂ ಪಾಸಾದ್ರೆ ಎಸ್‌ಆರ್‌ಸಿ. ಎಸ್‌ಆರ್‌ಎಗೆ ಹಿಮ್ಮಡಿ ಕಡೆ ಕನಿಷ್ಠ 0.28, ಪೂರ್ತಿ ಪಾದಕ್ಕೆ 0.32 ಬರ್ಬೇಕಿತ್ತು. ಟ್ರೆಕಿಂಗ್ ಬೂಟಿನ ಡಬ್ಬಿ ಮೇಲೆ ಇಂಥ ಗುರುತು ಸಾಮಾನ್ಯವಾಗಿ ಇರೋದೇ ಇಲ್ಲ, ನನಗೆ ಬೇಜಾರಿರೋದು ಇದ್ರ ಬಗ್ಗೆನೇ, ಜಾಸ್ತಿ ದುಡ್ಡು ಕೊಟ್ಟು ತಗೊಳ್ಳೋ ಬೂಟಿಗೆ ಅಳತೆ ಇಲ್ಲ, ಫ್ಯಾಕ್ಟರಿ ಶೂಗೆ ಇದೆ.

ಟೆಸ್ಟಿಗೆ ಇಟ್ಟಿದ್ದು: ನನ್ನ ಹಳೇ ಟ್ರೆಕಿಂಗ್ ಬೂಟು, ಬಟನ್ನು ಆಳ ಇರೋದು, ಕೆಲವು ವರ್ಷದಿಂದ ಬಿಸಿಲು ಮಳೆ ಎಲ್ಲಾ ಕಂಡಿದೆ. ಗೆಳೆಯನ ಹತ್ರ ಇಸ್ಕೊಂಡ ಮೆತ್ತನೆ ರಬ್ಬರಿನ ಹೊಸ ಬೂಟು. ಸ್ಕೂಲ್ ಮಕ್ಕಳ ಪಿ.ಟಿ. ಕ್ಯಾನ್ವಾಸ್ ಶೂ ಥರದ್ದು ಒಂದು. ಗದ್ದೆಗೆ ಹಾಕೋ ಪಿವಿಸಿ ಗಂಬೂಟು. ಟೈರ್ ಚಪ್ಪಲಿ. ಸವೆದು ನುಣ್ಣಗಾದ ಹವಾಯಿ. ಇದ್ರ ಜೊತೆಗೆ ರಬ್ಬರ್ ಎಷ್ಟು ಗಟ್ಟಿ ಅಂತ ನೋಡೋ ಶೋರ್ ಎ ಮೀಟರ್ ಒಂದು ಆನ್‌ಲೈನಲ್ಲಿ ತರಿಸಿದೆ, ಸೂಜಿ ಒತ್ತಿದ್ರೆ ಅಂಕಿ ತೋರ್ಸುತ್ತೆ, ಅಂಕಿ ಜಾಸ್ತಿ ಅಂದ್ರೆ ರಬ್ಬರ್ ಗಟ್ಟಿ.

ಒಣ ಕಲ್ಲಲ್ಲಿ ಎಲ್ಲವೂ 30 ಡಿಗ್ರಿ ದಾಟಿದ್ವು, ಅಲ್ಲಿ ಮಾತಾಡಕ್ಕೇನೂ ಇಲ್ಲ. ಪಾಲಿಶ್ ಕಲ್ಲು ಒದ್ದೆ ಮಾಡಿದ ಕೂಡ್ಲೇ ನಿಜ ಬಣ್ಣ ಬಯಲಾಯ್ತು. ಹಳೇ ಟ್ರೆಕಿಂಗ್ ಬೂಟು 14 ಡಿಗ್ರಿಗೆ ಹೊರಟೇ ಹೋಯ್ತು. ಗಂಬೂಟು 13. ಹವಾಯಿ 11. ಟೈರ್ ಚಪ್ಪಲಿ 19, ಕ್ಯಾನ್ವಾಸ್ 20, ಗೆಳೆಯನ ಬೂಟು 23. ಅಡೀಲಿ ಬಟನ್ನೇ ಇಲ್ದಿರೋ, ಸಣ್ಣ ಸಣ್ಣ ಗೆರೆ ಮಾತ್ರ ಇರೋ ಕ್ಯಾನ್ವಾಸ್ ಶೂ ನನ್ನ ದೊಡ್ಡ ಬೂಟಿಗಿಂತ ಆರು ಡಿಗ್ರಿ ಮುಂದೆ. ಶೋರ್ ಮೀಟರ್ ಇಟ್ಟು ನೋಡಿದ್ರೆ ಕಾರಣ ಅಲ್ಲೇ ಕಾಣುತ್ತೆ, ಹಳೇ ಬೂಟು 78, ಕ್ಯಾನ್ವಾಸ್ 58, ಗೆಳೆಯಂದು 62. ಒರಟು ಸಾದರಹಳ್ಳಿ ಕಲ್ಲು ಒದ್ದೆ ಮಾಡಿದ್ರೆ ಎಲ್ಲರದ್ದೂ ಮೇಲೆ ಹೋಯ್ತು, ಹಳೇ ಬೂಟಿಗೆ 27, ಕ್ಯಾನ್ವಾಸ್, ಟೈರ್ ಎರಡಕ್ಕೂ 31, ಗೆಳೆಯನ ಬೂಟಿಗೆ 33. ಅಂದ್ರೆ ಕಲ್ಲು ಒರಟಾದ್ರೆ ನೀರು ಅಷ್ಟು ಕೆಟ್ಟದ್ದು ಮಾಡಲ್ಲ.

ಇದು ಯಾಕಂದ್ರೆ ರಬ್ಬರು ಎರಡು ಥರ ಹಿಡಿಯುತ್ತೆ. ಒಂದು, ಕಲ್ಲಿನ ಮೈಗೆ ನೇರ ತಾಗಿ ಅಂಟಿಕೊಳ್ಳೋದು. ಇದಕ್ಕೆ ಮಧ್ಯ ನೀರು ಬಂದ್ರೆ ಕತೆ ಮುಗೀತು, ಕಾಗದಕ್ಕಿಂತ ತೆಳು ಪದರ ಇದ್ರೂ ಸಾಕು. ಇನ್ನೊಂದು, ಕಲ್ಲಿನ ಹರಳು ಹರಳು ಉಬ್ಬುಗಳ ಮೇಲೆ ರಬ್ಬರು ಬಾಗಿ ಕೂತು, ಜಾರಕ್ಕೆ ಹೋದಾಗ ಆ ಉಬ್ಬು ರಬ್ಬರನ್ನ ಅಮುಕುತ್ತಾ ಹೋಗಿ ಶಕ್ತಿ ತಿನ್ನೋದು. ಅಮುಕಿದ ರಬ್ಬರು ತಕ್ಷಣ ವಾಪಸ್ ಎದ್ದು ಬರದೇ ನಿಧಾನಕ್ಕೆ ಬಂದ್ರೆ ಹಿಡಿತ ಜಾಸ್ತಿ, ನೆಲಕ್ಕೆ ಬಿಟ್ರೆ ಚೆಂಗಂತ ಪುಟಿಯೋ ರಬ್ಬರ್ ಇದಕ್ಕೆ ಆಗಿಬರಲ್ಲ. ಈ ಎರಡನೇದು ನೀರಲ್ಲೂ ಕೆಲಸ ಮಾಡುತ್ತೆ, ಆದ್ರೆ ಕಲ್ಲು ಒರಟಿರ್ಬೇಕು, ರಬ್ಬರ್ ಮೆತ್ತಗಿರ್ಬೇಕು. ಗಟ್ಟಿ ರಬ್ಬರು ಉಬ್ಬುಗಳ ತಲೆ ಮೇಲೆ ಕೂರುತ್ತೆ ಅಷ್ಟೇ, ಒಳಗೆ ಇಳಿಯಲ್ಲ. ಟೈರ್ ಕಂಪನಿಯವ್ರು ರಬ್ಬರಿಗೆ ಬರೀ ಕಾರ್ಬನ್ ಬ್ಲ್ಯಾಕ್ ಹಾಕೋ ಬದ್ಲು ಸಿಲಿಕಾ ಬೆರೆಸೋಕೆ ಶುರು ಮಾಡಿದ್ದಕ್ಕೆ ಒಂದು ಕಾರಣ ಈ ಒದ್ದೆ ಹಿಡಿತಾನೇ.

ಹಂಗಾದ್ರೆ ಬಟನ್ನು ಯಾಕೆ ಬೇಕು? ಬಟನ್ನಿನ ಅಂಚು ನೀರನ್ನ ವೈಪರ್ ಬ್ಲೇಡ್ ಥರ ಒರೆಸಿ ತಳ್ಳುತ್ತೆ, ಸಂದು ನೀರು ಹೊರಗೆ ಹೋಗೋ ಕಾಲುವೆ. ಅದರಲ್ಲಿ ಆಳಕ್ಕಿಂತ ಅಂಚು ಮುಖ್ಯ. ಹವಾಯಿಗೆ ಅಂಚೂ ಇಲ್ಲ ಕಾಲುವೇನೂ ಇಲ್ಲ, ಅಡೀಲಿ ಸಿಕ್ಕಿದ ನೀರು ಅಲ್ಲೇ ಉಳೀತು. ನನ್ನ ಬೂಟಿನ ಹಿಮ್ಮಡೀನ ಲೈಟ್ ಬಿಟ್ಟು ಹತ್ರದಿಂದ ನೋಡಿದ್ರೆ, ಹೊರಗಡೆ ಮೂಲೆಯ ಮೂರು ಬಟನ್ನು ಮೂಲೆ ಕಳ್ಕೊಂಡು ಗುಂಡಗಾಗಿವೆ, ಮೇಲ್ಮೈ ಕಪ್ಪು ಗಾಜಿನ ಥರ ಮಿರಿ ಮಿರಿ ಅಂತಿದೆ, ಉಗುರಲ್ಲಿ ಗೀರಿದ್ರೆ ಗೆರೆ ಮೂಡಲ್ಲ. ಬಾಗಿಸಿದ್ರೆ ಸಂದಿನ ಬುಡದಲ್ಲಿ ಸಣ್ಣ ಸಣ್ಣ ಬಿರುಕು. ಬಿಸಿಲು, ಗಾಳಿಯ ಓಝೋನು ರಬ್ಬರಿಗೆ ಮಾಡೋದೇ ಇದು.

ಈ ದಪ್ಪ ಬಟನ್ನಿನ ಸೋಲ್ ಹುಟ್ಟಿದ್ದೂ ಬೇರೆ ಕಾರಣಕ್ಕೆ. ಇಟಲಿಯ ವಿಟಾಲೆ ಬ್ರಮಾನಿ ಅನ್ನೋ ಪರ್ವತಾರೋಹಿ ಜೊತೆ ಹೋದವರಲ್ಲಿ ಆರು ಜನ 1935ರಲ್ಲಿ ಆಲ್ಪ್ಸ್‌ನಲ್ಲಿ ಸತ್ರು, ಆಗೆಲ್ಲ ಕಬ್ಬಿಣದ ಮೊಳೆ ಹೊಡೆದ ಬೂಟಲ್ಲಿ ಅಥವಾ ಬಂಡೆಗೆ ಅಂತ ಬೇರೆ ತೆಳು ಸೋಲಿನ ಶೂನಲ್ಲಿ ಹತ್ತೋದು. ಒಂದೇ ಸೋಲು ಬಂಡೆ, ಹಿಮ, ಮಣ್ಣು ಮೂರಕ್ಕೂ ಆಗ್ಬೇಕು ಅಂತ ಅವರು ಪಿರೆಲ್ಲಿ ಟೈರ್ ಕಂಪನಿ ಸಹಾಯದಿಂದ 1937ರಲ್ಲಿ ದೊಡ್ಡ ಬಟನ್ನಿನ ರಬ್ಬರ್ ಸೋಲ್ ತಂದ್ರು, ಅವರ ಹೆಸರಿಂದಾನೇ ವಿಬ್ರಾಮ್ ಅಂತ ಆಯ್ತು. 1954ರಲ್ಲಿ ಇಟಲಿಯವ್ರು ಕೆ2 ಹತ್ತಿದಾಗ ಕಾಲಲ್ಲಿ ಅದೇ ಇತ್ತು. ಆ ಆಳ ಬಟನ್ನು ಹಿಮಕ್ಕೆ, ಮೆತ್ತನೆ ನೆಲಕ್ಕೆ ಕಚ್ಚಲಿ ಅಂತ ಇರೋದು. ನಮ್ಮ ಮೈಸೂರು ಮಂಡ್ಯದ ಬೆಟ್ಟಗಳಲ್ಲಿ ಹೆಚ್ಚಾಗಿ ಬೋಳು ಗ್ರಾನೈಟ್ ಬಂಡೆ. ಇಲ್ಲಿಗೆ ಬೇಕಿರೋದು ನೆಲಕ್ಕೆ ಜಾಸ್ತಿ ರಬ್ಬರ್ ತಾಗೋ, ಅಂಚು ಜಾಸ್ತಿ ಇರೋ, ಮೆತ್ತನೆ ಸೋಲು.

ಎಷ್ಟು ಅಂಕಿ ಬಂದ್ರೆ ಸಾಕು ಅನ್ನೋದಕ್ಕೂ ಲೆಕ್ಕ ಇದೆ. ಮಟ್ಟಸ ನೆಲದಲ್ಲಿ ಮಾಮೂಲಿ ನಡಿಗೆಗೆ 0.2ರ ಹತ್ರ ಬೇಕು. ಬ್ರಿಟನ್ನಲ್ಲಿ ಲೋಲಕದ ಯಂತ್ರದಲ್ಲಿ ನೆಲ ಟೆಸ್ಟ್ ಮಾಡಿ 36 ಬಂದ್ರೆ ಜಾರೋ ಅಪಾಯ ಕಮ್ಮಿ ಅಂತಾರೆ, ಹೆಚ್ಚುಕಮ್ಮಿ 0.36 ಅಂತ ಇಟ್ಕೊಳ್ಳಿ. ನನ್ನ ಹಳೇ ಬೂಟಿನ 0.25 ಮಟ್ಟಸ ನೆಲಕ್ಕೇ ಅಂಚಲ್ಲಿದೆ, ಇನ್ನು ಪಾಂಡವಪುರದ ಕುಂತಿಬೆಟ್ಟದಂಥ ಕಡೆ 15 ಡಿಗ್ರಿ ಓರೆಯ ಬಂಡೆ ಮೇಲೆ ಸುಮ್ನೆ ನಿಲ್ಲಕ್ಕೇ 0.27 ಬೇಕು, ನಡಿಯಕ್ಕೆ ಅದ್ರ ಮೇಲೆ ಇನ್ನಷ್ಟು. ಬಂಡೆ ಒರಟಿರೋ ಕಡೆ ಬಚಾವು, ನೀರು ಹರಿದು ನುಣ್ಣಗಾದ ಕಡೆ ಆಗಲ್ಲ.

ಇನ್ನು ರಿಪೇರಿ. ಮೊದ್ಲು ದುಡ್ಡಿಲ್ದೇ ಆಗೋದನ್ನ ಮಾಡ್ದೆ. ಸೋಪಿನ ನೀರಲ್ಲಿ ಗಟ್ಟಿ ಬ್ರಷ್ ಹಾಕಿ ಸೋಲ್ ಉಜ್ಜಿದೆ. ಕೆಲವ್ರು ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಒರೆಸ್ತಾರೆ, ಬೇಡ, ರಬ್ಬರ್ ಊದುತ್ತೆ, ಅಂಟು ಬಿಡುತ್ತೆ. ಒಣಗಿದ ಮೇಲೆ 80ನೇ ನಂಬರ್ ಉಪ್ಪುಕಾಗದ ತಗೊಂಡು ಒಂದು ಮರದ ತುಂಡಿಗೆ ಸುತ್ತಿ, ಮಿರಿ ಮಿರಿ ಮೇಲ್ಮೈ ಹೋಗಿ ಒಳಗಿನ ಮಸುಕು ಕಪ್ಪು ಬರೋವರೆಗೂ ಅಡ್ಡಕ್ಕೆ ಉಜ್ಜಿದೆ. ಅಡ್ಡಕ್ಕೆ ಅಂದ್ರೆ ಎಡದಿಂದ ಬಲಕ್ಕೆ, ಗೀರುಗಳು ನಡೆಯೋ ದಿಕ್ಕಿಗೆ ಅಡ್ಡ ಬಿದ್ರೆ ಅವೇ ಸಣ್ಣ ಅಂಚುಗಳ ಥರ ಕೆಲಸ ಮಾಡ್ತವೆ. ವಾಪಸ್ ರಿಗ್ ಮೇಲೆ ಇಟ್ಟೆ, ಪಾಲಿಶ್ ಕಲ್ಲು, ಒದ್ದೆ, 14 ಇದ್ದಿದ್ದು 18 ಆಯ್ತು. ಬರೀ ಉಪ್ಪುಕಾಗದಕ್ಕೆ 0.25ರಿಂದ 0.32. ಹೊಸ ಬೂಟಿಗೂ ಇದು ಅನ್ವಯ ಆಗುತ್ತೆ, ಅಚ್ಚಿಂದ ಸೋಲ್ ಬಿಡಿಸಕ್ಕೆ ಹಾಕಿರೋ ಜಿಡ್ಡು ಹೊಸದ್ರಲ್ಲಿ ಮೇಲೆ ಇರುತ್ತೆ, ಒಂದಷ್ಟು ದೂರ ಒರಟು ರಸ್ತೇಲಿ ನಡೆದು ಅದನ್ನ ಸವೆಸಿದ ಮೇಲೇನೇ ಮಳೆಗೆ ಇಳಿಸ್ಬೇಕು.

ಎರಡನೇದು ಸೀಳು. 1923ರಲ್ಲಿ ಅಮೆರಿಕದ ಜಾನ್ ಸೈಪ್ ಅನ್ನೋರು ರಬ್ಬರಲ್ಲಿ ಸಣ್ಣ ಸಣ್ಣ ಸೀಳು ಹಾಕೋದಕ್ಕೆ ಪೇಟೆಂಟ್ ಮಾಡಿಸಿದ್ರು, ಇವತ್ತಿಗೂ ಟೈರಿನ ಬಟನ್ನಲ್ಲಿ ಕಾಣೋ ಸಣ್ಣ ಗೆರೆಗಳು ಅದೇ. ನಾನು ಹೊಸ ಕಟರ್ ಬ್ಲೇಡನ್ನ ಸೋಪಿನ ನೀರಲ್ಲಿ ಅದ್ದಿ ಅದ್ದಿ ಹಿಮ್ಮಡಿಯ ಪ್ರತಿ ಬಟನ್ನಿಗೂ ಎರಡೆರಡು ಸೀಳು, ಎರಡು ಎಂಎಂ ಆಳ, ಅಡ್ಡಕ್ಕೆ ಹಾಕ್ದೆ. 18 ಹೋಗಿ 19 ಆಯ್ತು, ಅಷ್ಟೇ. ಗಟ್ಟಿ ರಬ್ಬರಲ್ಲಿ ಸೀಳು ಬಾಯಿ ತೆರೆಯಲ್ಲ, ಹಂಗಾಗಿ ಅಂಚು ಸಿಗಲ್ಲ. ಮೆತ್ತನೆ ರಬ್ಬರಿದ್ರೆ ಮಾತ್ರ ಇದಕ್ಕೆ ಸಮಯ ಕೊಡಿ.

ಹಂಗಾಗಿ ಸೋಲೇ ಬದಲಾಯಿಸೋದು ಅಂತಾಯ್ತು. ದೇವರಾಜ ಮಾರ್ಕೆಟ್ ಕಡೆ ಕೂರೋ ಒಬ್ಬ ವಯಸ್ಸಾದ ಯಜಮಾನ್ರ ಹತ್ರ ತಗೊಂಡು ಹೋದೆ. ಬೂಟು ಕೈಗೆ ತಗೊಂಡವ್ರೇ ಸೋಲ್ ಕಡೆ ನೋಡ್ಲೇ ಇಲ್ಲ, ಸೋಲಿಗೂ ಮೇಲಿನ ಚರ್ಮಕ್ಕೂ ಮಧ್ಯ ಇರೋ ಪದರಕ್ಕೆ ಹೆಬ್ಬೆರಳಿನ ಉಗುರು ಒತ್ತಿದ್ರು.

"ಸಾ, ಇದು ಒಳಗೆ ಗಟ್ಟಿ ಐತೆ, ಮಾಡ್ಬೋದು. ಕೆಲವು ಬೂಟು ತರ್ತಾರೆ, ಮೇಲೆ ಹೊಸದು ಕಂಡಂಗೆ ಕಾಣ್ತದೆ, ಒತ್ತಿದ್ರೆ ರವೆ ಉದುರ್ದಂಗೆ ಉದುರ್ತದೆ. ಅಂತಾದ್ದಕ್ಕೆ ಎಷ್ಟ್ ಸೊಲೂಷನ್ ಹಾಕಿದ್ರೂ ನಿಲ್ಲಕ್ಕಿಲ್ಲ."

"ಯಾಕ್ ಯಜಮಾನ್ರೇ, ಹಳೇದಾಗಿದ್ದಕ್ಕಾ?"

"ಹಾಕ್ಕಂಡು ಓಡಾಡಿದ್ದು ಹಂಗಾಗಲ್ಲ ಸಾ. ಕವರಲ್ಲಿ ಕಟ್ಟಿ ಅಟ್ಟದ ಮೇಲೆ ಇಕ್ಕಿದ್ದು ಹಂಗಾಯ್ತದೆ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಮಧ್ಯದ ಪದರ ಪಾಲಿಯುರೆಥೇನ್ ಅನ್ನೋ ಫೋಮ್ ಆಗಿದ್ರೆ ಗಾಳಿಯ ತೇವಾಂಶಕ್ಕೇ ಒಳಗೊಳಗೇ ಮುರಿದು ಪುಡಿಯಾಗುತ್ತೆ, ಮುಚ್ಚಿಟ್ಟಷ್ಟೂ ಜಾಸ್ತಿ. ಹಂಗಾಗಿ ಬೂಟನ್ನ ಡಬ್ಬಿಯಲ್ಲಿ ಜೋಪಾನ ಮಾಡಿ ವರ್ಷಗಟ್ಟಲೆ ಇಡೋದಕ್ಕಿಂತ ಆಗಾಗ ಹಾಕ್ಕೊಂಡು ಓಡಾಡೋದೇ ಅದಕ್ಕೆ ಒಳ್ಳೇದು. ನನ್ನ ಬೂಟಿನ ಮಧ್ಯದ ಪದರ ಇವಿಎ ಅನ್ನೋ ಬೇರೆ ಥರದ ಫೋಮ್, ಅದಕ್ಕೆ ಈ ಕಾಯಿಲೆ ಇಲ್ಲ.

ಅವರ ಹತ್ರ ಇದ್ದ ಸೋಲ್ ಶೀಟುಗಳಿಗೆಲ್ಲ ಶೋರ್ ಮೀಟರ್ ಒತ್ತಿ ನೋಡ್ದೆ, ಹೆಚ್ಚಿನವು 75ರ ಮೇಲೆ. ಬೇಗ ಸವೆಯೋ ಸೋಲ್ ಹಾಕಿದ್ರೆ ಗಿರಾಕಿ ಬಂದು ಜಗಳ ಆಡ್ತಾನೆ, ಅದಕ್ಕೆ ಗಟ್ಟೀದೇ ಇಡೋದು ಅಂದ್ರು, ಅದು ಅವರ ಕಡೆಯಿಂದ ನ್ಯಾಯಾನೇ. ಕೊನೆಗೆ ಒಂದು ಸಣ್ಣ ಸಣ್ಣ ಚೌಕುಳಿ ಇರೋ ಮೆತ್ತನೆ ರಬ್ಬರ್ ಶೀಟ್ ಸಿಕ್ತು, 60 ತೋರಿಸ್ತು, ದಪ್ಪ 6 ಎಂಎಂ. ಹಿಮ್ಮಡಿ ತುಂಡು ಬೇರೆ, ಮುಂಗಾಲಿನ ತುಂಡು ಬೇರೆ ಕತ್ತರಿಸಿ ಅಂತ ಕೇಳ್ಕೊಂಡೆ, ಇಳಿಯುವಾಗ ಮೊದ್ಲು ಸವೆಯೋದು ಹಿಮ್ಮಡಿ, ಅದನ್ನೊಂದೇ ಬದಲಾಯಿಸಕ್ಕೆ ಬರಲಿ ಅಂತ.

ಅವರ ಕೆಲಸ ಪಕ್ಕದಲ್ಲಿ ಕೂತು ನೋಡಿದ್ದನ್ನ ಹೇಳ್ಲೇಬೇಕು. ಹಳೇ ಬಟನ್ನುಗಳನ್ನ ರಂಪಿಗೆ (ಚರ್ಮ ಕೆತ್ತೋ ಉಳಿ) ಹಾಕಿ ಮಟ್ಟಸಕ್ಕೆ ಕೆತ್ತಿ ತೆಗೆದ್ರು, ರಂಪಿಗೆ ಪ್ರತಿ ಸಲ ಕಲ್ಲಿಗೆ ಎರಡು ಸಲ ಸವರಿ ಮತ್ತೆ ಕೆತ್ತೋದು, ರಬ್ಬರು ಹಲಸಿನ ತೊಳೆ ಬಿಡಿಸ್ದಂಗೆ ಪೂರ್ತಿ ಪೂರ್ತಿ ಬಿಟ್ಟು ಬರ್ತಿತ್ತು. ಆಮೇಲೆ ಅರ ಹಾಕಿ ಒರಟು ಮಾಡಿದ್ರು. ಬೂಟಿಗೂ ಹೊಸ ಶೀಟಿಗೂ ಎರಡೂ ಕಡೆ ಸೊಲ್ಯೂಷನ್ ತೆಳ್ಳಗೆ ಸವರಿ, ಒಣಗಕ್ಕೆ ಬಿಟ್ಟು, ಮತ್ತೊಂದು ಕೈ ಸವರಿದ್ರು. ಬೆರಳ ಹಿಂಭಾಗ ಮುಟ್ಟಿಸಿದ್ರೆ ಅಂಟಿದಂಗೆ ಅನ್ನಿಸಿ ಬೆರಳಿಗೆ ಏನೂ ಹತ್ತಬಾರದು, ಆಗ ಜೋಡಿಸೋದು. ಹಸಿ ಇದ್ದಾಗ್ಲೇ ಜೋಡಿಸಿದ್ರೆ ಒಳಗಿನ ಥಿನ್ನರ್ ಹೊರಗೆ ಹೋಗಕ್ಕೆ ದಾರಿ ಇಲ್ಲ, ಮೊದಲ ಮಳೆಗೇ ಬಿಟ್ಕೊಳ್ಳುತ್ತೆ. ಜೋಡಿಸೋ ಮುಂಚೆ ಎರಡೂ ಮೈಯನ್ನ ಸಣ್ಣಗೆ ಬಿಸಿ ಮಾಡಿ, ಮಧ್ಯದಿಂದ ಅಂಚಿಗೆ ಅಂತ ಸುತ್ತಿಗೇಲಿ ಬಡಿದ್ರು. ಮೂತಿ ಕಡೆ ಮತ್ತೆ ಹಿಮ್ಮಡಿ ಸುತ್ತ ದಬ್ಬಳ ಹಾಕಿ ನೈಲಾನ್ ದಾರದಲ್ಲಿ ಹೊಲಿಗೆ, ದಾರ ನೆಲಕ್ಕೆ ತಾಗದ ಹಂಗೆ ಶೀಟಲ್ಲಿ ಸಣ್ಣ ಕಾಲುವೆ ಕೊರೆದು ಅದರೊಳಗೆ ಕೂರಿಸಿದ್ರು. ರಾತ್ರಿಯೆಲ್ಲ ಭಾರ ಹೇರಿಟ್ಟು ಮಾರನೇ ದಿನ ಕೊಟ್ರು. ಎಲ್ಲಾ ಸೇರಿ ಸಾವಿರ ರೂಪಾಯಿ ಒಳಗೆ ಮುಗೀತು, ನಾನು ಅವರು ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟೆ.

ಮನೆಗೆ ತಂದು ಉಪ್ಪುಕಾಗದ ಹಾಕಿ ಮೇಲ್ಮೈ ಎಬ್ಬಿಸಿ, ಹಿಮ್ಮಡಿಗೆ ಅಡ್ಡ ಸೀಳು ಹಾಕ್ದೆ, ಈ ಸಲ ರಬ್ಬರ್ ಮೆತ್ತಗಿರೋದ್ರಿಂದ ಬಾಗಿಸಿದ ತಕ್ಷಣ ಸೀಳು ಬಾಯಿ ಬಿಡ್ತಿತ್ತು. ರಿಗ್ ಮೇಲೆ ಒದ್ದೆ ಪಾಲಿಶ್ ಕಲ್ಲಲ್ಲಿ 24 ಡಿಗ್ರಿ, ಅಂದ್ರೆ 0.45. ಒರಟು ಕಲ್ಲಲ್ಲಿ 33. ಮೊದ್ಲು 14ಕ್ಕೆ ಜಾರ್ತಿದ್ದ ಅದೇ ಬೂಟು.

ಬೆಟ್ಟದ ಮೆಟ್ಟಿಲಲ್ಲಿ, ಕುಂತಿಬೆಟ್ಟದ ಬಂಡೇಲಿ ಅಕ್ಟೋಬರ್ ಮಳೇಲಿ ಹಾಕ್ಕೊಂಡು ಓಡಾಡಿದೆ, ವ್ಯತ್ಯಾಸ ಮೊದಲ ಹತ್ತು ಹೆಜ್ಜೇಲೇ ಗೊತ್ತಾಗುತ್ತೆ, ಮಂಡಿ ಬಿಗಿ ಹಿಡ್ಕೊಂಡು ಇಳಿಯೋ ಅಭ್ಯಾಸ ತಾನಾಗೇ ಬಿಟ್ಟು ಹೋಗುತ್ತೆ. ಆದ್ರೆ ಪಾಂಡವಪುರದ ಹತ್ರ ನಮ್ಮ ಮಾವನ ಗದ್ದೆ ಬದುವಿನ ಮೇಲೆ ಈ ಸೋಲ್ ಸೋತಿತು. ನಾಲೆ ನೀರು ಬಿಟ್ಟಿದ್ರು, ಬದು ಪೂರ್ತಿ ನೆನೆದಿತ್ತು, ಚೌಕುಳಿ ಸಂದುಗಳಿಗೆ ಮಣ್ಣು ತುಂಬಿ ಹತ್ತು ಹೆಜ್ಜೇಲಿ ಸೋಲು ನುಣ್ಣಗಾಯ್ತು. ಅಲ್ಲಿ ಗಂಬೂಟೇ ಮೇಲು, ಬಟನ್ನು ದೂರ ದೂರ ಇರೋದ್ರಿಂದ ಕಾಲು ಎತ್ತಿದಾಗ ಮಣ್ಣು ಕಳಚಿ ಬೀಳುತ್ತೆ, ಇಟ್ಟಾಗ ಬಟನ್ನು ಊರುತ್ತೆ. ಕೆಸರಲ್ಲಿ ರಬ್ಬರು ಎಷ್ಟು ಮೆತ್ತಗಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ, ಮಣ್ಣನ್ನ ಎಷ್ಟು ಆಳಕ್ಕೆ ಕಚ್ಚುತ್ತೆ ಅನ್ನೋದೇ ಲೆಕ್ಕ. ಮಾವ ಬದುವಿನ ಮೇಲೆ ಬರಿಗಾಲಲ್ಲಿ ಸರಾಗ ನಡೀತಾ, "ಬೆರಳು ಊರ್ಬೇಕು ಕಣಪ್ಪ, ಬೂಟಲ್ಲಿ ಬೆರಳೆಲ್ಲಿ ಊರ್ತದೆ" ಅಂದ್ರು. ಸರಿಯಾದ ಮಾತು. ಗದ್ದೆಗೆ ಒಂದು, ಬಂಡೆಗೆ ಒಂದು ಅಂತ ಎರಡು ಜೊತೆ ಇಟ್ಕೊಳ್ಳೋದೇ ದಾರಿ.

ಪಾಚಿ ವಿಷ್ಯ ಬೇರೆನೇ. ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒಂದು ಚಪ್ಪಡಿ ಇದೆ, ನೆರಳಲ್ಲಿ ಸದಾ ಒದ್ದೆ ಇದ್ದು ಹಸಿರು ಪಾಚಿ ಕಟ್ಟಿತ್ತು. ಅದನ್ನ ಕಿತ್ತು ತಂದು ರಿಗ್ ಮೇಲೆ ಮಲಗಿಸಿದೆ. ಹಳೇ ಸೋಲಿದ್ದಾಗ 8 ಡಿಗ್ರಿ, ಹೊಸ ಸೋಲಿಗೆ 9, ಗೆಳೆಯನ ಬೂಟಿಗೂ 9, ಕ್ಯಾನ್ವಾಸಿಗೆ 10. ಅಂದ್ರೆ ಎಲ್ಲಾ ಒಂದೇ. ರಬ್ಬರು ಕಲ್ಲಿಗೆ ತಾಗ್ತಾನೇ ಇಲ್ಲ, ಲೋಳೆ ಮೇಲೆ ಕೂತು ಲೋಳೆ ಸಮೇತ ಹೋಗ್ತಿದೆ. ಅದೇ ಚಪ್ಪಡಿಗೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ಪೊರಕೇಲಿ ಉಜ್ಜಿ ತೊಳೆದು ಮತ್ತೆ ಒದ್ದೆಯಾಗೇ ಇಟ್ಟೆ, ಹೊಸ ಸೋಲು 31ಕ್ಕೆ ಹೋಯ್ತು. 9ರಿಂದ 31, ಇಷ್ಟು ದೊಡ್ಡ ವ್ಯತ್ಯಾಸವನ್ನ ಯಾವ ಬೂಟೂ ಕೊಡಲಿಲ್ಲ. ಮನೇಲಿ ವಯಸ್ಸಾದವ್ರು ಇದ್ರೆ ಅವರಿಗೆ ಗ್ರಿಪ್ ಚಪ್ಪಲಿ ಹುಡುಕೋ ಮುಂಚೆ ಹಿತ್ತಲ ಕಲ್ಲು, ಸಂಪ್ ಹತ್ರದ ಜಾಗ, ಬಚ್ಚಲ ಹೊಸ್ತಿಲು ಉಜ್ಜಿ, ಇದನ್ನ ನಾನು ತುಂಬಾ ಕಾಳಜಿಯಿಂದ ಹೇಳ್ತಿದೀನಿ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಮಾತ್ರ ಬೆರೆಸ್ಬೇಡಿ, ಕ್ಲೋರಿನ್ ಗಾಳಿ ಏಳುತ್ತೆ. ಬೆಟ್ಟದಲ್ಲಾದ್ರೆ ಹಸಿರು ಕಂಡ ಕಡೆ ಕಾಲಿಡದೇ ಸುತ್ತಿ ಹೋಗಿ, ಎಂಥ ಬೂಟಿದ್ರೂ.

ಸವೆತದ ಲೆಕ್ಕ: ಒಂದು ಮಳೆಗಾಲ ಮುಗಿದ ಮೇಲೆ ಹಿಮ್ಮಡಿಯ ಹೊರ ಮೂಲೇಲಿ 6 ಎಂಎಂ ಇದ್ದಿದ್ದು 4ಕ್ಕೆ ಬಂದಿದೆ, ಮುಂಗಾಲಲ್ಲಿ ಹೆಚ್ಚೇನೂ ಸವೆದಿಲ್ಲ. ಸೀಳುಗಳು ಆ ಮೂಲೇಲಿ ಮಾಸಿ ಹೋಗಿವೆ, ಮತ್ತೆ ಹಾಕ್ದೆ. ಹೊಲಿಗೆ ಗಟ್ಟಿ ಇದೆ, ಎಡ ಬೂಟಿನ ಮೂತಿ ಹತ್ರ ಅಂಟು ಒಂದು ಬೆರಳಗಲ ಬಿಟ್ಟಿತ್ತು, ಅಲ್ಲಿ ತೊಳೆದು ಒಣಗಿಸಿ ಮತ್ತೆ ಎರಡು ಕೈ ಸೊಲ್ಯೂಷನ್ ಹಾಕಿ ಕ್ಲ್ಯಾಂಪ್ ಕೂರಿಸಿದೆ. ಮೀಟರ್ ಈಗ 62 ತೋರಿಸ್ತಿದೆ, ರಿಗ್ ಮೇಲೆ 23. ಹಿಮ್ಮಡಿ 3 ಎಂಎಂಗೆ ಬಂದಾಗ ಆ ಒಂದು ತುಂಡು ಮಾತ್ರ ಯಜಮಾನ್ರ ಹತ್ರ ಹಾಕಿಸ್ತೀನಿ, ಅದೇ ಶೀಟಿಂದ ಇನ್ನೊಂದು ಜೊತೆ ಹಿಮ್ಮಡಿ ಕತ್ತರಿಸಿ ಈಗ್ಲೇ ತಂದಿಟ್ಟಿದೀನಿ, ಬಿಸಿಲು ಬೀಳದ ಕಡೆ.